ಮೇಲಧಿಕಾರಿಯ ಯೋಗ್ಯತೆ

ಆಡಳಿತದಕ್ಷತೆಯ ಮಾತು ಬಂದಾಗಲೆಲ್ಲ ನಮ್ಮ ಜನರು ದಿವಾನರ ಹೆಸರುಗಳನ್ನೇ ನೆನೆಯುವರು. 1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದ ಪೂರ್ಣಯ್ಯನವರಿಂದ ಹಿಡಿದು ವಿಶ್ವೇಶ್ವರಯ್ಯನವರವರೆಗೆ ಈ ಸ್ಮರಣೆ ಸಾಗುವುದು. ಸಾಗಲಿ, ಅದು ಯುಕ್ತವೇ. ಆದರೆ ದಿವಾನಗಿರಿಯು ಕೋಟಿಗೊಬ್ಬನಿಗೆ ಒದಗತಕ್ಕ ಯೋಗ. ಹತ್ತು ಮಂದಿಯಿಂದ ಕೆಲಸ ತೆಗೆಯುವ ಭಾರವಾದರೋ ನಮ್ಮ ವಾಚಕರಲ್ಲಿ ಬಹುಮಂದಿಯ ಹೆಗಲ ಮೇಲಿದೆ. ಆದುದರಿಂದ ಮೇಲಧಿಕಾರಿಯ ಯೋಗ್ಯತೆಯನ್ನು ಕಚೇರಿಯ ಮೇಜಿನ ಬಳಿಯಲ್ಲಿ ಅಲ್ಲ, ಚಾಮರಾಜನಗರ ಜಿಲ್ಲೆಯ ಕಾಡಿನಲ್ಲಿ ನಿಂತು ಪರಾಮರ್ಶಿಸಲು ಇಚ್ಛಿಸುತ್ತೇವೆ.

ಗುಂಡ್ಲುಪೇಟೆಯ ದಕ್ಷಿಣಕ್ಕಿರುವ ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಒಂಬತ್ತು ಅರಣ್ಯಗಳಲ್ಲೊಂದು. ಆಗ ಅಲ್ಲಿ 12 ಹುಲಿಗಳಿದ್ದುವೆಂದು ಎಣಿಸಿದ್ದರು. 2022ರ ಗಣನೆಯಲ್ಲಿ 150. ಅದೇ ವರ್ಷದ ಆಡಳಿತ ಪರೀಕ್ಷೆಯಲ್ಲಿ ಬಂಡೀಪುರವು ನೂರಕ್ಕೆ 93.18 ಅಂಕ ಪಡೆದು, ಪೆರಿಯಾರ್ ಮತ್ತು ಸಾತ್ಪುರಗಳ ತರುವಾಯ ದೇಶದಲ್ಲಿ ಮೂರನೆಯದಾಯಿತು. ಇದು ಅಭಿಮಾನದ ಸಂಗತಿಯೇ ಸರಿ. ಹುಲಿಗೆ ಸಂಖ್ಯೆಯುಂಟು, ಆಡಳಿತಕ್ಕೆ ಅಂಕವುಂಟು. ಆದರೆ ಬೇಸಗೆಯ ಮಧ್ಯಾಹ್ನದಲ್ಲಿ ಹಸಿಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುವ ಕಾವಲುಗಾರನು ತನ್ನ ಮೇಲಿನವನನ್ನು ಏನೆಂದು ಬಗೆದಿರುವನು? ಅದನ್ನು ಅಳೆಯುವ ಕೋಲು ಯಾವುದು?

ಈ ಬೆಂಕಿಯ ಕೆಲಸವನ್ನೇ ತುಸು ನೋಡೋಣ. ಬಂಡೀಪುರದ ಕಾಡು ಎಲೆಯುದುರುವ ಜಾತಿಯದು. ಅದರ ಮೇಲೆ ಪರದೇಶದಿಂದ ಬಂದ ಲಂಟಾನವು ಪೊದೆಪೊದೆಯಾಗಿ ಹಬ್ಬಿಕೊಂಡಿದೆ. ಫೆಬ್ರವರಿಯ ಹೊತ್ತಿಗೆ ಎಲ್ಲವೂ ತರಗು. ಆದ್ದರಿಂದ ಬೇಸಗೆ ಬಲಿಯುವ ಮುನ್ನವೇ ಬೆಂಕಿರೇಖೆಗಳನ್ನು ಸವರಿ, ಸುಟ್ಟು, ಗುಡಿಸಿಡಬೇಕು. ಯಾವ ಹಳ್ಳದಲ್ಲಿ ಗಾಳಿ ಹೇಗೆ ತಿರುಗುವುದೆಂಬುದನ್ನು ನಕ್ಷೆ ಹೇಳದು. ಅಲ್ಲಿಯೇ ಹುಟ್ಟಿ ಬೆಳೆದ ಸೋಲಿಗನೋ ಜೇನುಕುರುಬನೋ ಬಲ್ಲನು. ವರ್ಗವಾಗಿ ನಿನ್ನೆ ಬಂದ ಅಧಿಕಾರಿಯು ದಿನಗೂಲಿಯವನನ್ನು ಕೇಳಿ ತಿಳಿಯುವುದರಲ್ಲಿ ಮಾನಹಾನಿಯೇನೂ ಇಲ್ಲ. ಕೇಳದೆ ಇರುವುದರಲ್ಲಿ ಪ್ರಾಣಹಾನಿಯುಂಟು. 2017ರ ಫೆಬ್ರವರಿಯಲ್ಲಿ ಕಲ್ಕೆರೆ ವಲಯದ ಬೆಂಕಿಯಲ್ಲಿ ಒಬ್ಬ ಅರಣ್ಯರಕ್ಷಕರು ಅಸುನೀಗಿದರು. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಉರಿದು, ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಹೆಲಿಕಾಪ್ಟರನ್ನು ಕರೆಸಲು ಒಂದು ಆಜ್ಞೆ ಸಾಕು. ಗಾಳಿ ಎದ್ದ ಹೊತ್ತಿನಲ್ಲಿ ಕಾವಲುಗಾರನು ತನ್ನ ರೇಖೆಯನ್ನು ಬಿಟ್ಟುಹೋಗದೆ ನಿಲ್ಲುವುದು ಆಜ್ಞೆಯಿಂದ ಆಗತಕ್ಕದ್ದಲ್ಲ. ಕೂಲಿಯ ಬಟವಾಡೆ ತಡೆದರೆ, ಕಾಲಿಗೆ ಜೋಡು, ಕುಡಿಯಲು ನೀರು ಒದಗದಿದ್ದರೆ, ಅವನು ನಿಲ್ಲುವನೆಂದು ನಿರೀಕ್ಷಿಸುವುದೇ ಅನ್ಯಾಯ.

ಇದೇ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಗೋಪಿನಾಥಂ, ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರು. 1986ರಲ್ಲಿ ಸೆರೆಸಿಕ್ಕಿದ್ದ ಅವನು ಬೂದಿಪಡಗದ ಅರಣ್ಯ ವಸತಿಗೃಹದಿಂದ ತಪ್ಪಿಸಿಕೊಂಡು ಹೋದ ಕಥೆಯನ್ನು ನಮ್ಮ ಕಡೆಯವರೆಲ್ಲ ಬಲ್ಲರು. ತರುವಾಯ ಅರಣ್ಯಾಧಿಕಾರಿ ಪಿ. ಶ್ರೀನಿವಾಸರು ಬೇರೊಂದು ದಾರಿಯನ್ನು ಹಿಡಿದರು. ಕಳ್ಳನ ಊರೆಂದು ದೂರ ನಿಲ್ಲದೆ ಅಲ್ಲಿಯೇ ವಾಸಮಾಡಿದರು. ಔಷಧಾಲಯ, ಕುಡಿಯುವ ನೀರು, ರಸ್ತೆಗಳಿಗಾಗಿ ದುಡಿದರು. ಮಾರಿಯಮ್ಮನ ಗುಡಿಗೆ ಸ್ವಂತ ಹಣ ಹಾಕಿದರು. ಬಂದೂಕಿನಿಂದ ಆಗದ ಕೆಲಸವು ಅವರ ನಡತೆಯಿಂದ ಆಗತೊಡಗಿತು. ಹಿಂದೆ ಇಲಾಖೆಯ ಜೀಪನ್ನು ಕಂಡರೆ ಬಾಗಿಲಿಕ್ಕುತ್ತಿದ್ದ ಜನರು ಅವರೊಡನೆ ಮಾತನಾಡಿದರು.

ಶರಣಾಗುವೆನೆಂಬ ವೀರಪ್ಪನ್‌ನ ಮಾತನ್ನು ನಂಬಿ ನಿರಾಯುಧರಾಗಿ ಹೊರಟ ಶ್ರೀನಿವಾಸರು 1991ರ ನವೆಂಬರ್ 10ರಂದು ಕ್ರೂರವಾಗಿ ಕೊಲ್ಲಲ್ಪಟ್ಟರು. ಮರಣಾನಂತರ ಕೀರ್ತಿಚಕ್ರ ಬಂದಿತು. ಇಷ್ಟು ನಂಬಿದ್ದು ವಿವೇಕವಲ್ಲವೆಂದು ವಾದಿಸುವವರುಂಟು. ಫಲವನ್ನು ನೋಡಿ ಹೇಳುವುದಾದರೆ ಅವರ ವಾದ ಸುಲಭವಾದದ್ದು. ನಾವಾದರೋ ಬೇರೊಂದು ಅಂಶವನ್ನು ಗಮನಿಸುವೆವು: ಅಪಾಯದ ಜಾಗಕ್ಕೆ ಕೈಕೆಳಗಿನವನನ್ನು ಕಳುಹಿಸಿ ತಾವು ವರದಿ ಕಾಯುತ್ತ ಕೂರಬಹುದಾಗಿದ್ದಿತು, ಆ ಪದ್ಧತಿಗೆ ಯಾವ ನಿಯಮವೂ ಅಡ್ಡಿಯಿರಲಿಲ್ಲ. ಅವರು ತಾವೇ ಹೋದರು. ಗೋಪಿನಾಥದವರು ಗುಡಿಯಲ್ಲಿ ಅವರ ಭಾವಚಿತ್ರವನ್ನಿಟ್ಟಿರುವುದು ಯಾರ ಸುತ್ತೋಲೆಯಿಂದಲೂ ಅಲ್ಲ.

ಎಲ್ಲ ಅಧಿಕಾರಿಗಳೂ ಹೀಗೆ ಪ್ರಾಣ ಕೊಡಬೇಕೆಂದು ಯಾರೂ ಕೇಳುತ್ತಿಲ್ಲ. ಅಪೇಕ್ಷೆ ಬಹು ಸಣ್ಣದು. ಮಳೆ ನಿಂತಮೇಲೆ ಬೇಸಗೆಯ ಕಾವಲುಪಟ್ಟಿಗಳು ಸಿದ್ಧವಾಗುವುವು. ಪಟ್ಟಿಗೆ ರುಜು ಹಾಕತಕ್ಕವರು ಅದಕ್ಕೆ ಮುನ್ನ ಒಂದು ದಿನ, ಜೀಪನ್ನು ರಸ್ತೆಯಲ್ಲಿಯೇ ಬಿಟ್ಟು, ಆ ಹೆಸರಿನವರೊಡನೆ ಒಂದು ಬೆಂಕಿರೇಖೆಯ ಉದ್ದಕ್ಕೂ ನಡೆದುಬರಲಿ. ಹಿಂದಿನ ವರ್ಷದ ಕೂಲಿ ಪೂರ್ತಿ ಕೈಸೇರಿತೇ ಎಂದು ದಾರಿಯಲ್ಲಿ ವಿಚಾರಿಸಲಿ.