ಟ್ರೇಲರ್ ಮೇಲೊಂದು ಒಲೆ



ಸಂಘದ ಪಿಕ್ನಿಕ್‌ಗೆ ನನ್ನ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಬಂದ ಕರಿ ಕಬ್ಬಿಣದ ಆಕೃತಿಯನ್ನು ನೋಡಿ, "ಏನ್ರೀ ಇದು, ರೈಲು ಎಂಜಿನ್ನಾ?" ಎಂದು ಕೇಳಿದವರೇ ಹೆಚ್ಚು. ಅದು ಬಾರ್ಬೆಕ್ಯೂ ಸ್ಮೋಕರ್. ನಮ್ಮ ಟೆಕ್ಸಾಸ್‌ನಲ್ಲಿ ಇದನ್ನು ಮನೆಯಲ್ಲೇ ಮಾಡಿಕೊಳ್ಳುವವರು ಬಹಳ ಮಂದಿ. ನಾವೂ ಮಾಡಬಹುದೇ ಎಂದು ಕೆಲವರು ಕೇಳಿದ್ದರಿಂದ ಈ ನಾಲ್ಕು ಮಾತು.

ಗ್ರಿಲ್‌ನಲ್ಲಿ ಬೆಂಕಿ ಅಡುಗೆಯ ಕೆಳಗೇ ಇರುತ್ತದೆ. ಇಲ್ಲಿ ಹಾಗಲ್ಲ. ಕಟ್ಟಿಗೆ ಉರಿಯುವುದು ಒಂದು ತುದಿಯ ಫೈರ್‌ಬಾಕ್ಸ್‌ನಲ್ಲಿ. ಬಿಸಿ ಗಾಳಿ ಮತ್ತು ಹೊಗೆ ದೊಡ್ಡ ಟ್ಯಾಂಕಿನೊಳಗೆ ಹಾದು ಇನ್ನೊಂದು ತುದಿಯ ಚಿಮಣಿಯಿಂದ ಹೊರಬೀಳುತ್ತವೆ. 225ರಿಂದ 250 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಗಂಟೆಗಟ್ಟಲೆ ಬೆಂದಾಗ ಗಟ್ಟಿ ಮಾಂಸದಲ್ಲಿರುವ ಕೊಲ್ಯಾಜೆನ್ ಕರಗಿ ಜೆಲಾಟಿನ್ ಆಗುತ್ತದೆ. ಬಾರ್ಬೆಕ್ಯೂ ಮಾಂಸ ಅಷ್ಟು ಮೆತ್ತಗಾಗುವುದು ಇದರಿಂದಲೇ.

ನಾನು ಆರಿಸಿಕೊಂಡದ್ದು 250 ಗ್ಯಾಲನ್‌ನ ಹಳೆಯ ಪ್ರೊಪೇನ್ ಟ್ಯಾಂಕ್. ಇಲ್ಲಿಯೇ ದೊಡ್ಡ ತಪ್ಪು ಮಾಡಲಿದ್ದೆ. ವಾಲ್ವ್ ಬಿಚ್ಚಿ ಒಂದು ತಿಂಗಳು ಹಿತ್ತಲಲ್ಲಿ ಬಿಟ್ಟಿದ್ದೆ, ಮೂಗಿಗೆ ಯಾವ ವಾಸನೆಯೂ ಬರಲಿಲ್ಲ. ಕತ್ತರಿಸೋಣವೆಂದು ಗ್ರೈಂಡರ್ ಕೈಗೆತ್ತಿಕೊಂಡಾಗ ಪಕ್ಕದ ಮನೆಯ ನಿವೃತ್ತ ವೆಲ್ಡರ್ ಬೇಲಿಯಾಚೆಯಿಂದ "ಸ್ಟಾಪ್!" ಎಂದು ಕೂಗಿದರು.

ಪ್ರೊಪೇನ್‌ಗೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ವಾಸನೆಯ ರಾಸಾಯನಿಕವನ್ನು ಬೆರೆಸುತ್ತಾರೆ. ಟ್ಯಾಂಕಿನೊಳಗಿನ ತುಕ್ಕು ಆ ವಾಸನೆಯನ್ನೇ ನುಂಗಿಬಿಡಬಲ್ಲದು. ಮೇಲಾಗಿ ಪ್ರೊಪೇನ್ ಗಾಳಿಗಿಂತ ಭಾರ, ಮೇಲಿನ ತೂತಿನಿಂದ ಹೊರಹೋಗದೆ ತಳದಲ್ಲಿ ಉಳಿದಿರಬಹುದು. ಒಂದು ಕಿಡಿ ಸಾಕು! ಟ್ಯಾಂಕನ್ನು ಸೋಪು ನೀರಿನಿಂದ ತೊಳೆದು, ಬಾಯಿತನಕ ನೀರು ತುಂಬಿಸಿ, ಗ್ಯಾಸನ್ನು ಹೊರದೂಡಿದ ಮೇಲೆಯೇ ಕತ್ತರಿಸುವ ಮಾತು. ಅದನ್ನೂ ಅವರೇ ಮಾಡಿಕೊಟ್ಟರು. ಆ ನೀರೇ 2000 ಪೌಂಡಿಗೂ ಹೆಚ್ಚು ತೂಗುತ್ತದೆ, ಹಾಗಾಗಿ ಈ ಕೆಲಸ ನೆಲದ ಮೇಲೆಯೇ ಆಗಬೇಕು, ಟ್ರೇಲರ್ ಮೇಲಲ್ಲ. ದಯವಿಟ್ಟು ಈ ಹಂತವನ್ನು ಅನುಭವಿ ವೆಲ್ಡರ್‌ಗೇ ಬಿಡಿ.

ಉಳಿದದ್ದು ಲೆಕ್ಕಾಚಾರ. ಫೈರ್‌ಬಾಕ್ಸ್‌ನ ಗಾತ್ರ ಟ್ಯಾಂಕಿನ ಸುಮಾರು ಮೂರನೇ ಒಂದು ಭಾಗವಿರಲಿ, ಅದರ ಉಕ್ಕು ಕಾಲು ಇಂಚು ದಪ್ಪವಿರಲಿ. ಸತುವಿನ ಲೇಪನವಿರುವ ಕಬ್ಬಿಣ ಬೇಡ, ವೆಲ್ಡ್ ಮಾಡುವಾಗ ಏಳುವ ಹೊಗೆ ವಿಷ. ಬಾಗಿಲನ್ನು ಪೂರ್ತಿ ಕತ್ತರಿಸುವ ಮೊದಲೇ ಕೀಲುಗಳನ್ನು ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ಕತ್ತರಿಸಿದ ತುಂಡಿನ ಬಾಗು ಬದಲಾಗಿ ಅದೇ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ. ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಹಿಂಭಾರವಾದರೆ ಹೈವೇಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ, ಅದು ಅಪಾಯ.

ಎಲ್ಲ ಮುಗಿದ ಮೇಲೆ ಒಳಗೆ ಅಡುಗೆ ಎಣ್ಣೆ ಸವರಿ ಕೆಲವು ಗಂಟೆ ಬೆಂಕಿ ಹಾಕಿದೆ, ಹೊಸ ದೋಸೆ ಕಾವಲಿಯನ್ನು ಪಳಗಿಸುವ ಹಾಗೆ!

ಇನ್ನು ಬೆಂಕಿಯ ಗುಟ್ಟು ಗಾಳಿಯಲ್ಲಿದೆ. ಗಾಳಿ ಸಾಲದೆ ದಟ್ಟ ಬಿಳಿ ಹೊಗೆ ಎದ್ದರೆ ಅಡುಗೆ ಕಹಿ. ತೆಳುವಾದ ನೀಲಿ ಹೊಗೆ ಬರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಒಲೆಯನ್ನು ಕಂಡವರಿಗೆ ಇದು ಹೊಸದೇನಲ್ಲ. ಅಲ್ಲಿಯೂ ಕಟ್ಟಿಗೆಯ ಕೆಳಗಿನಿಂದ ಗಾಳಿ, ಕೊನೆಯಲ್ಲಿ ಚಿಮಣಿ.

ಸಸ್ಯಾಹಾರಿಗಳು ಗಾಬರಿಯಾಗಬೇಡಿ. ಮುಂದಿನ ಪಿಕ್ನಿಕ್‌ನಲ್ಲಿ ಮುಸುಕಿನ ಜೋಳ, ಬದನೆಕಾಯಿಗೆ ಜಾಲರಿಯೇ ಬೇರೆ, ಸರದಿಯೂ ಮೊದಲು. ಕೋಳಿ ಆಮೇಲೆ. ಹಾಗೆಯೇ, ಹಳೆಯ ಟ್ಯಾಂಕ್ ತಂದವರು ಗ್ರೈಂಡರ್ ಮುಟ್ಟುವ ಮೊದಲು ನನಗೊಂದು ಫೋನ್ ಮಾಡಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಬರುತ್ತೇನೆ.