ಒಂದೇ ತುದಿಯ ಗೇಜು

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು. ಆದರೆ ಲೇತ್ ಕಂಡ ಊರಿಗೆ ಪ್ಲಗ್ ಗೇಜಿನ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊರೆದ ತೂತು ಸರಿಯಿದೆಯೇ ಎಂದು ನೋಡುವ ಈ ಸಾಧನಕ್ಕೆ ಎರಡು ತುದಿ. ‘ಗೋ’ ತುದಿ ತೂತಿನೊಳಗೆ ಹೋಗಲೇಬೇಕು, ‘ನೋಗೋ’ ತುದಿ ಹೋಗಲೇಬಾರದು. ಮೊದಲನೆಯದನ್ನಷ್ಟೇ ಹಾಕಿ ನೋಡಿದರೆ ಅಳತೆ ಮೀರಿದ ತೂತೂ ಪಾಸಾಗುತ್ತದೆ. ಲಿನಕ್ಸ್‌ನ ಒಂದು ವೈಫೈ ಡ್ರೈವರಿನಲ್ಲಿ ಇಂಥದೇ ಅರೆ ತಪಾಸಣೆ ಹಲವು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಕೋಡ್ ಬದಲಾವಣೆಯನ್ನು ಪರಿಶೀಲಿಸುವವರು ಬರೆದ ಸಾಲುಗಳಿಗಿಂತ ಬರೆಯದೆ ಬಿಟ್ಟ ಸಾಲುಗಳನ್ನೇ ಹೆಚ್ಚು ಹುಡುಕಬೇಕು ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಾಣದು.

ಡ್ರೈವರ್ ಎಂದರೆ ಚಿಪ್ಪಿಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವಿನ ದುಭಾಷಿ. ದಾವಣಗೆರೆಯ ಬಿಐಇಟಿಯಲ್ಲೋ ಯುಬಿಡಿಟಿಯಲ್ಲೋ ಎಂಜಿನಿಯರಿಂಗ್ ಓದುವ ಹುಡುಗಿ ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್ ತೆರೆದಳೆನ್ನಿ. ಗಾಳಿಯಲ್ಲಿ ಬರುವ ರೇಡಿಯೊ ಸಂದೇಶವನ್ನು ಮೊದಲು ಬಿಡಿಸಿ ಓದುವುದರಲ್ಲಿ ಅದರ ವೈಫೈ ಡ್ರೈವರಿನ ಪಾಲು ದೊಡ್ಡದು. ಆ ಸಂದೇಶ ಯಾರು ಬೇಕಾದರೂ ಕಳಿಸಿದ್ದಿರಬಹುದು, ಪಾಸ್‌ವರ್ಡ್ ಗೊತ್ತಿಲ್ಲದ ಪಕ್ಕದ ಕೋಣೆಯವರೂ ಕೂಡ. ವೈಫೈ ಡೈರೆಕ್ಟ್ ಎಂಬ ವ್ಯವಸ್ಥೆಯಲ್ಲಿ ಒಂದು ಸಾಧನ ಬ್ಯಾಟರಿ ಉಳಿಸಲು ‘ಇಂಥ ಹೊತ್ತಿನಲ್ಲಿ ನಾನು ಇರುವುದಿಲ್ಲ’ ಎಂದು ಸುತ್ತಲಿನವರಿಗೆ ಸಾರುತ್ತದೆ. ಇಂಥ ಒಂದೊಂದು ಗೈರುಹಾಜರಿ ವಿವರಕ್ಕೂ 13 ಬೈಟ್. ಎಣಿಕೆಗೆ ಒಂದು, ಅವಧಿ, ಅಂತರ, ಆರಂಭದ ಸಮಯಕ್ಕೆ ನಾಲ್ಕು ನಾಲ್ಕು. ರಿಯಲ್‌ಟೆಕ್ ಚಿಪ್ಪುಗಳ ಡ್ರೈವರ್ ಈ ವಿವರಗಳ ಪಟ್ಟಿಯ ಒಟ್ಟು ಉದ್ದದಲ್ಲಿ 2 ಕಳೆದು, ಉಳಿದದ್ದು 13ರಿಂದ ಸರಿಯಾಗಿ ಭಾಗವಾಗುತ್ತದೆಯೇ ಎಂದು ನೋಡುತ್ತಿತ್ತು. ಭಾಗವಾಗದಿದ್ದರೆ ಸಂದೇಶ ತಿರಸ್ಕೃತ. ನೋಡಿದವರಿಗೆ ತಪಾಸಣೆ ಚೆನ್ನಾಗಿಯೇ ಇದೆ ಅನ್ನಿಸಬೇಕು. ಆದರೆ ಭಾಗಲಬ್ಧ ಎಷ್ಟಿರಬಹುದು ಎಂದು ಅದು ಕೇಳಲೇ ಇಲ್ಲ. ಮೆಮೊರಿಯಲ್ಲಿ ಜಾಗವಿದ್ದದ್ದು ಎರಡೇ ವಿವರಗಳಿಗೆ. 41 ಬೈಟ್ ಉದ್ದದ ಪಟ್ಟಿ ಬಂದರೆ ಲೆಕ್ಕ ಅಚ್ಚುಕಟ್ಟಾಗಿ ಮೂರಕ್ಕೆ ನಿಲ್ಲುತ್ತದೆ, ಮೂರನೆಯದು ತನ್ನದಲ್ಲದ ಜಾಗದ ಮೇಲೆ ಹೋಗಿ ಕೂರುತ್ತದೆ. ಇಂಥ ಅತಿಕ್ರಮಣದಿಂದ ಯಂತ್ರ ಕುಸಿದು ಬೀಳಬಹುದು. ಭದ್ರತಾ ತಜ್ಞ ನಿಕೊ ವೈಸ್‌ಮನ್ 2019ರ ಅಕ್ಟೋಬರಿನಲ್ಲಿ ಇದನ್ನು ಬಯಲಿಗೆ ತಂದರು. ಲಾರಾ ಅಬಟ್ ಬರೆದ ತಿದ್ದುಪಡಿ ಕೆಲವೇ ಸಾಲಿನದು: ಸಂಖ್ಯೆ ಮಿತಿ ದಾಟಿದರೆ ಮಿತಿಗೇ ಇಳಿಸು.

ಇಷ್ಟು ಚಿಕ್ಕದು ತಪ್ಪಿಸಿಕೊಂಡದ್ದು ಹೇಗೆ? ಪರಿಶೀಲನೆಗೆ ಬರುವ ಪ್ಯಾಚ್‌ನಲ್ಲಿ, ಎಂದರೆ ಬದಲಾವಣೆಯ ಕಡತದಲ್ಲಿ, ಸೇರಿಸಿದ ಸಾಲಿಗೆ ಕೂಡಿಸುವ ಚಿಹ್ನೆ, ತೆಗೆದದ್ದಕ್ಕೆ ಕಳೆಯುವ ಚಿಹ್ನೆ ಇರುತ್ತದೆ. ಇರಬೇಕಾಗಿದ್ದೂ ಇಲ್ಲದ ಸಾಲಿಗೆ ಯಾವ ಚಿಹ್ನೆಯೂ ಇಲ್ಲ. ಅದರ ಮೇಲೆ, ‘ಎರಡೇ’ ಎಂಬ ಮಿತಿ ಬರೆದಿದ್ದ ಕಡತ ಒಂದು, ಎಣಿಸಿ ತುಂಬುವ ಕೋಡ್ ಇದ್ದ ಕಡತ ಇನ್ನೊಂದು. ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳದವರಿಗೆ ಈ ತಪ್ಪು ಕಾಣುವುದೇ ಇಲ್ಲ. ‘ಕೋಡ್ ಬಹಿರಂಗವಾಗಿದೆಯಲ್ಲ, ಸಾವಿರ ಕಣ್ಣು ನೋಡುತ್ತವೆ’ ಎಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಒಂದು ನಿರ್ದಿಷ್ಟ ಚಿಪ್ಪಿನ ನಡತೆ ಬಲ್ಲ ಕಣ್ಣುಗಳು ಬೆರಳೆಣಿಕೆಯಷ್ಟು. ರಿಯಲ್‌ಟೆಕ್ ಡ್ರೈವರುಗಳನ್ನು ವರ್ಷಗಟ್ಟಲೆ ನೋಡಿಕೊಂಡ ಲ್ಯಾರಿ ಫಿಂಗರ್ ಸಂಬಳವಿಲ್ಲದೆ ದುಡಿದ ಸ್ವಯಂಸೇವಕರು, 2024ರಲ್ಲಿ ತೀರಿಕೊಂಡರು.

ಪರೀಕ್ಷೆ ಮಾಡಿದರೆ ಸಾಲದೇ ಎಂದು ಕೇಳಬಹುದು. ನೆಟ್ಟಗೆ ನಡೆಯುವ ಫೋನು ಮಿತಿಯೊಳಗೇ ಮಾತಾಡುತ್ತದೆ, ಹಾಗಾಗಿ ಮಾಮೂಲಿ ಪರೀಕ್ಷೆ ಪ್ರತಿ ಸಲವೂ ಪಾಸು. ಕಂಡಾಬಟ್ಟೆ ಸಂದೇಶ ಎರಚಿ ನೋಡುವ ‘ಫಜಿಂಗ್’ ವಿಧಾನಕ್ಕೆ ಹೆಚ್ಚು ಬಲವಿದೆ ನಿಜ. 2022ರಲ್ಲಿ ಡಾರ್ಮ್‌ಸ್ಟಾಟ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಲಿನಕ್ಸ್‌ನ ಎಲ್ಲ ವೈಫೈಗೂ ಸಾಮಾನ್ಯವಾದ ಪದರದಲ್ಲಿ ಹಲವು ದೋಷಗಳನ್ನು ಹೀಗೆಯೇ ಹಿಡಿದರು. ಆದರೆ ಇಂಥ ಪರೀಕ್ಷೆಗೆ ಸುಲಭವಾಗಿ ಸಿಗುವುದು ಸಾಫ್ಟ್‌ವೇರಿನಲ್ಲೇ ಮಾಡಿದ ನಕಲಿ ರೇಡಿಯೊ. ಅಲ್ಲಿ ನಿಜವಾದ ಚಿಪ್ ಇಲ್ಲ, ಆದ್ದರಿಂದ ಆ ಚಿಪ್ಪಿನ ಡ್ರೈವರೂ ಓಡುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. 2022ರ ಡಿಸೆಂಬರಿನಲ್ಲಿ ಬಂದ 6.1ನೇ ಆವೃತ್ತಿಯಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಗೂ ಜಾಗ ಸಿಕ್ಕಿದೆ. ಅದರಲ್ಲಿ ಬರೆದಿದ್ದರೆ ಮೂರನೆಯ ವಿವರ ಪಕ್ಕದ ಜಾಗಕ್ಕೆ ನುಗ್ಗುವುದನ್ನು ಭಾಷೆಯೇ ತಡೆಯುತ್ತಿತ್ತು. ಒಪ್ಪಿದೆ. ಆದರೆ ತಡೆದಾದ ಮೇಲೆ ಏನು? ಯಂತ್ರವೇ ನಿಂತುಬಿಡಬೇಕೇ, ಇಡೀ ಸಂದೇಶವನ್ನು ಎಸೆಯಬೇಕೇ, ಮೊದಲೆರಡನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಬೇಕೇ? 2019ರ ತಿದ್ದುಪಡಿ ಆರಿಸಿಕೊಂಡದ್ದು ಮೂರನೆಯ ದಾರಿ. ನನ್ನ ಮಟ್ಟಿಗೆ ಎರಡನೆಯದೇ ವಾಸಿ, ಏಕೆಂದರೆ ಒಂದು ಕಡೆ ಲೆಕ್ಕ ತಪ್ಪಿದ ಸಂದೇಶದ ಉಳಿದ ಭಾಗವನ್ನು ನಂಬಲು ಕಾರಣವಿಲ್ಲ. ಆದರೆ ಹಾಗೆ ಎಸೆದರೆ, ಮೂರು ವಿವರವನ್ನು ಪ್ರಾಮಾಣಿಕವಾಗಿಯೇ ಕಳಿಸುವ ಸಾಧನವೊಂದಿದ್ದಲ್ಲಿ ಅದರ ಜೊತೆ ಮಾತೇ ನಿಂತುಹೋಗಬಹುದು.