ಫಟಫಟಿಯ ದಮ್ಮು ಕಡಿಮೆಯಾದರೆ: ಬೋರ್ ಮಾಡಿಸುವ ಮೊದಲು ಮಾಡಿಸತಕ್ಕ ಪರೀಕ್ಷೆ

ಅಕ್ಕಲಕೋಟೆ ಸೀಮೆಯ ಮೈಂದರ್ಗಿ, ದುಧನಿ, ನಾಗಣಸೂರ ಕಡೆಯ ರೈತನಿಗೆ ಮೋಟಾರ್ ಸೈಕಲ್ಲು ಈಗ ಶೋಕಿಯ ವಸ್ತುವಲ್ಲ. ಹಾಲಿನ ಕ್ಯಾನು, ಬೀಜ-ಗೊಬ್ಬರದ ಚೀಲ, ಮೇವಿನ ಹೊರೆ, ದವಾಖಾನೆಗೆ ಹೋಗಬೇಕಾದ ಮುದುಕರು, ಎಲ್ಲವೂ ಅದರ ಮೇಲೆಯೇ ಸಾಗಬೇಕು. ಅಕ್ಕಲಕೋಟೆಯಿಂದ ಸೊಲ್ಲಾಪುರದ ಪೇಟೆಗೆ ಸುಮಾರು 40 ಕಿಲೋಮೀಟರು ದಾರಿ. ಇಂಥ ಗಾಡಿ ಒಂದು ದಿನ ಬೆಳಿಗ್ಗೆ ಹತ್ತು ಸಲ ಕಿಕ್ ಹೊಡೆದರೂ ಚಾಲೂ ಆಗುವುದಿಲ್ಲ. ಕಿಕ್ ಹಗುರಾಗಿ ಕೆಳಗೆ ಹೋಗುತ್ತದೆ. ಇಬ್ಬರು ಕುಳಿತರೆ ಏರು ಹತ್ತುವುದಿಲ್ಲ. ಗ್ಯಾರೇಜಿಗೆ ಒಯ್ದರೆ, "ಕಾಂಪ್ರೆಶನ್ ಹೋಗಿದೆ, ಬೋರ್ ಮಾಡಿಸಬೇಕು, ಹೊಸ ಪಿಸ್ಟನ್ ಹಾಕಬೇಕು" ಎಂಬ ಮಾತು ಬರುತ್ತದೆ. ಅದು ಸಾವಿರಾರು ರೂಪಾಯಿಯ ಕೆಲಸ. ಆ ಖರ್ಚು ನಿಜವಾಗಿ ಬೇಕೋ ಬೇಡವೋ ಎಂಬುದನ್ನು ಎಂಜಿನ್ ಬಿಚ್ಚುವ ಮೊದಲೇ ತಿಳಿಯುವ ರೀತಿಯನ್ನು ನಮ್ಮ ರೈತಬಾಂಧವರ ಮುಂದೆ ಇಡುತ್ತೇವೆ.

ಕಾಂಪ್ರೆಶನ್ ಎಂದರೇನು?

ಸಿಲಿಂಡರಿನೊಳಗೆ ಬಂದ ಗಾಳಿ ಮತ್ತು ಪೆಟ್ರೋಲಿನ ಆವಿಯನ್ನು ಪಿಸ್ಟನ್ನು ಮೇಲೆ ಬಂದು ಸುಮಾರು ಒಂಬತ್ತರಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತುತ್ತದೆ. ಆಮೇಲೆ ಕಿಡಿ ಬಿದ್ದರೆ ಬಲ ಹುಟ್ಟುವುದು. 1860ರಲ್ಲಿ ಲೆನ್ವಾರ್ ಎಂಬವನು ಮಾಡಿದ ಎಂಜಿನ್ನಿನಲ್ಲಿ ಹೀಗೆ ಒತ್ತುವ ಏರ್ಪಾಡು ಇರಲಿಲ್ಲ. ಅದು ಇಂಧನವನ್ನು ಬಹಳ ತಿಂದು ಬಲವನ್ನು ಸ್ವಲ್ಪವೇ ಕೊಡುತ್ತಿತ್ತು. 1876ರಲ್ಲಿ ಜರ್ಮನಿಯ ಓಟೋ ಎಂಬವನು ಮೊದಲು ಒತ್ತಿ ಆಮೇಲೆ ಉರಿಸುವ ಎಂಜಿನ್ನನ್ನು ಮಾಡಿದನು. ನಮ್ಮ ಇಂದಿನ ಗಾಡಿಗಳು ಅದೇ ತತ್ತ್ವದವು.

ಒತ್ತಿದ ಗಾಳಿ ಸೋರಿಹೋಗುವ ದಾರಿಗಳು ಮುಖ್ಯವಾಗಿ ಮೂರು: ರಿಂಗು-ಸಿಲಿಂಡರು ಸವೆದು ಕೆಳಗೆ, ವಾಲ್ವು ಪೂರ್ತಿ ಮುಚ್ಚದೆ ಮೇಲೆ, ಹೆಡ್ಡಿನ ಪ್ಯಾಕಿಂಗು ಹೋಗಿ ಪಕ್ಕಕ್ಕೆ. ಇವುಗಳಲ್ಲಿ ಬೋರಿನ ಮಾತು ಬರುವುದು ಮೊದಲನೆಯದಕ್ಕೆ ಮಾತ್ರ. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿಯಂಥ ಹಳೆಯ ಟೂ-ಸ್ಟ್ರೋಕ್ ಗಾಡಿಗಳಲ್ಲಿ ಇಂಥ ವಾಲ್ವುಗಳೇ ಇಲ್ಲ.

ಮೊದಲು ಟ್ಯಾಪೆಟ್ಟು

ಎಂಜಿನ್ ಪೂರ್ತಿ ತಣ್ಣಗಿರುವಾಗ ಟ್ಯಾಪೆಟ್ಟಿನ ಸಂದು ಅಳೆಯಿಸಬೇಕು. ಅನೇಕ ಸಣ್ಣ ಗಾಡಿಗಳಲ್ಲಿ ಇದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಸದ್ದು ಬರಬಾರದೆಂದು ಇದನ್ನು ಬಿಗಿ ಮಾಡಿಸುವವರುಂಟು. ಸಂದು ಇಲ್ಲದಿದ್ದರೆ ಎಂಜಿನ್ ಕಾದಾಗ ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಗಾಳಿ ಸೋರುತ್ತದೆ, ವಾಲ್ವಿನ ಅಂಚೂ ಸುಡುತ್ತದೆ. ಸಂದು ಸರಿಪಡಿಸುವುದು ಅಲ್ಪ ಖರ್ಚಿನ ಕೆಲಸ.

ಗೇಜಿನ ಪರೀಕ್ಷೆ

ಆಮೇಲೆ ಪ್ಲಗ್ಗು ಬಿಚ್ಚಿ ಆ ತೂತಿಗೆ ಕಾಂಪ್ರೆಶನ್ ಗೇಜು ಕೂಡಿಸಬೇಕು. ಗಾಡಿ ಚಾಲೂ ಆಗುವಂತಿದ್ದರೆ ಮೊದಲು ಸ್ವಲ್ಪ ಓಡಿಸಿ ಎಂಜಿನ್ ಬೆಚ್ಚಗೆ ಮಾಡಬೇಕು. ಕಿಡಿ ಹಾರದಂತೆ ಸ್ವಿಚ್ಚು ಬಂದ್ ಇರಬೇಕು. ಹತ್ತಿರ ಬೀಡಿ ಕೂಡದು. ಎಕ್ಸಲರೇಟರನ್ನು ಪೂರ್ತಿ ತಿರುವಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಹೊಡೆಯಬೇಕು. ಎಕ್ಸಲರೇಟರು ಮುಚ್ಚಿದ್ದರೆ ಒಳ್ಳೆಯ ಎಂಜಿನ್ನೂ ಕಡಿಮೆ ತೋರಿಸುತ್ತದೆ. ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 10ರಿಂದ 12 ಕಿಲೋ, ಎಂದರೆ ಚದರ ಇಂಚಿಗೆ 140ರಿಂದ 170 ಪೌಂಡು ಬರುತ್ತದೆ. ಗಾಡಿಗೊಂದು ಅಂಕಿ ಇರುವುದರಿಂದ ಕಂಪನಿಯ ಪುಸ್ತಕ ನೋಡಿಯೇ ತೀರ್ಮಾನಿಸತಕ್ಕದ್ದು.

ಅಂಕಿ ಕಡಿಮೆ ಬಂದರೆ ಅದೇ ತೂತಿನಲ್ಲಿ ಒಂದು ಚಹದ ಚಮಚೆ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಹೆಚ್ಚು ಹಾಕಿದರೆ ಆಯಿಲೇ ಜಾಗ ತುಂಬಿ ಮುಳ್ಳು ಸುಳ್ಳು ಹೇಳುತ್ತದೆ. ಈಗ ಅಂಕಿ ಚೆನ್ನಾಗಿ ಏರಿದರೆ ದೋಷ ರಿಂಗು-ಸಿಲಿಂಡರಿನದು; ಆಯಿಲು ಆ ಸಂದನ್ನು ತಾತ್ಪೂರ್ತಿಕವಾಗಿ ಮುಚ್ಚಿತು ಎಂದರ್ಥ. ಅಂಕಿ ಇದ್ದಲ್ಲಿಯೇ ಇದ್ದರೆ ವಾಲ್ವು ಇಲ್ಲವೆ ಪ್ಯಾಕಿಂಗನ್ನು ನೋಡಬೇಕು. ಬೋರಿನ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು.

ರಿಂಗು ಸವೆದಿದ್ದರೂ ಬೋರ್ ಆಗಲೇಬೇಕೆಂದಿಲ್ಲ. ಸಿಲಿಂಡರಿನಲ್ಲಿ ಗೀರು ಇಲ್ಲದೆ ಅದರ ಅಳತೆ ಮಿತಿಯೊಳಗಿದ್ದರೆ ಹೊಸ ರಿಂಗು ಸಾಕಾಗುವುದುಂಟು. ಇನ್ನು ಗೇಜಿನ ಅಂಕಿ ಸರಿಯಾಗಿಯೇ ಇದ್ದು ಕಿಕ್ ಮಾತ್ರ ಹಗುರಾಗಿದ್ದರೆ ಕ್ಲಚ್ಚು ಜಾರುತ್ತಿದೆಯೇ ನೋಡಿಸಬೇಕು.

ಧೂಳೇ ವೈರಿ

ನಮ್ಮ ಎರೆಭೂಮಿಯ ಬೇಸಿಗೆಯ ಹಾದಿ ಮೊಳಕಾಲುದ್ದ ಧೂಳಿನದು. ಏರ್ ಫಿಲ್ಟರು ಹರಿದಿದ್ದರೆ ಆ ಧೂಳು ಎಂಜಿನ್ನಿಗೆ ಹೊಕ್ಕು, ಆಯಿಲಿನೊಡನೆ ಕೂಡಿ, ಸಾಣೆಕಲ್ಲಿನಂತೆ ರಿಂಗನ್ನೂ ಸಿಲಿಂಡರನ್ನೂ ತಿನ್ನುತ್ತದೆ. ಫಿಲ್ಟರು ತೆಗೆದೊಗೆದರೆ ಗಾಡಿ ಜೋರಾಗಿ ಓಡುತ್ತದೆಂಬ ಮಾತಿಗೆ ಯಾರೂ ಕಿವಿಗೊಡಬಾರದು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಕೂಡದು. ಕೆಟ್ಟಾಗ ಹೊಸದನ್ನೇ ಹಾಕತಕ್ಕದ್ದು. ಹೊಸ ಬೋರ್ ಮಾಡಿಸಿದ ಗಾಡಿಗಂತೂ ಮೊದಲ ದಿನದಿಂದಲೇ ಈ ಎಚ್ಚರಿಕೆ ಬೇಕು.

ಗ್ಯಾರೇಜಿಗೆ ಹೋದಾಗ ಮಿಸ್ತ್ರಿಯವರಿಗೆ ಮೂರು ಪ್ರಶ್ನೆ ಕೇಳಿರಿ: ಟ್ಯಾಪೆಟ್ಟಿನ ಸಂದು ಎಷ್ಟಿತ್ತು? ಆಯಿಲ್ ಹಾಕುವ ಮೊದಲು ಗೇಜಿನ ಅಂಕಿ ಎಷ್ಟು, ಹಾಕಿದ ಮೇಲೆ ಎಷ್ಟು? ಸಿಲಿಂಡರಿನ ಅಳತೆ ಎಷ್ಟು ಬಂತು? ಬಲ್ಲ ಮಿಸ್ತ್ರಿ ಸಂತೋಷದಿಂದಲೇ ಹೇಳುವನು. ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆಯಿಸಿಕೊಂಡು, ಆ ಬಳಿಕವೇ ಬೋರ್ ಮಾಡಿಸಲು ಒಪ್ಪಿಗೆ ಕೊಡಿರಿ.